ನಡುವೆ ಹಾಕಿದ ಶೇಂಗಾ

ಬಾಜು ಮನೆಯ ಕಾಕಾನ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಮೇವು ಕತ್ತರಿಸುವ ಮಷಿನ್ ತಿಂದಿತ್ತು. ಆದರೂ ಇಸ್ಪೀಟಿನ ಎಲೆಗಳನ್ನು ಆ ಮೊಂಡು ಬೆರಳಿನಲ್ಲೇ ಬಿಡಿಸಿ ಹಿಡಿಯುತ್ತಿದ್ದರು.

ಪಂಚಮಿ ಬಂದರೆ ಅವರ ಕಟ್ಟೆಯ ಮೇಲೆ ಓಣಿಯ ಹೆಣ್ಣುಮಕ್ಕಳಿಗೂ ಮೂರೆಲೆ ಆಟ. ಪಣಕ್ಕೆ ಹುರಿದ ಶೇಂಗಾ. ಎಲೆ ಚಲೋ ಇದ್ದರೆ ನಡುವಿನ ಗುಂಪಿಗೆ ಇನ್ನಷ್ಟು ಶೇಂಗಾ ಹಾಕಬೇಕು, ಇಲ್ಲದಿದ್ದರೆ ಎಲೆ ಒಗೆದು ಆಟ ಬಿಡಬೇಕು. ನಾನು ಬಿಡುತ್ತಿರಲಿಲ್ಲ.

"ಇಷ್ಟ ಹಾಕೇನ್ರಿ ಕಾಕಾ, ಈಗ ಹ್ಯಾಂಗ ಬಿಡ್ಲಿ?"

"ನಡುವ ಹಾಕಿದ್ದು ನಿಂದಲ್ಲ ಬೇ. ಅದನ್ನ್ಯಾಕ ನೋಡ್ತಿ? ಕೈಯಾಗಿನ ಎಲಿ ನೋಡು!"

ಹೊಲದಲ್ಲೂ ಅವರು ಹಾಗೆಯೇ. ಉಳ್ಳಾಗಡ್ಡಿ ರೇಟು ಬಿದ್ದ ವರ್ಷ, ಇಷ್ಟು ಖರ್ಚು ಮಾಡಿದ್ದೇವಲ್ಲ ಎಂದು ಎಲ್ಲರೂ ಆಳು ಹಚ್ಚಿ ಕಿತ್ತು ಹುಬ್ಬಳ್ಳಿಗೆ ಒಯ್ದರು. ಗಾಡಿ ಬಾಡಿಗೆಯೂ ಹುಟ್ಟಲಿಲ್ಲ. ಕಾಕಾ ಹೊಲಕ್ಕೆ ಕುರಿ ಬಿಟ್ಟು ಕಡಲೆ ಬಿತ್ತಿದರು.

ಒಮ್ಮೆ ಮಾತ್ರ ಅವರು ಎಲೆ ಒಗೆಯಲಿಲ್ಲ. ಅವರ ಹೆಂಡತಿ ಕಾಕುಗೆ ಕಾಮಣಿಯಾಗಿ ಕಣ್ಣು ಹಳದಿಯಾದಾಗ, "ಇಷ್ಟು ದಿನಾ ನಾಟಿ ಔಷಧ ಕುಡಿಸೇವಿ, ಇನ್ನೆರಡು ದಿನಾ ನೋಡೂಣು" ಎಂದು ಕೂತರಂತೆ. ಕಾಕು ಉಳಿಯಲಿಲ್ಲ. ಅದನ್ನು ಹೇಳುವಾಗ ಎಲೆ ಕಲೆಸುವ ಕೈ ನಿಂತುಬಿಡುತ್ತಿತ್ತು.

ಹೋದ ವರ್ಷ ನನ್ನ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಸಣ್ಣ ಆಸ್ಪತ್ರೆಯಲ್ಲಿ ಮುಂಜಾನೆಯಿಂದ ಬ್ಯಾನೆ ತಿಂದರೂ ಸಂಜೆಯವರೆಗೆ ಕೂಸು ಬರಲಿಲ್ಲ. ಹುಬ್ಬಳ್ಳಿಗೆ ಒಯ್ಯಿರಿ ಎಂದಳು ನರ್ಸಬಾಯಿ.

"ಇಷ್ಟು ಬ್ಯಾನಿ ತಿಂದಾಳ್ರಿ, ಇನ್ನೊಂದು ತಾಸು ನೋಡೂಣು" ಎಂದೆ.

ನಮ್ಮ ಜೊತೆ ಬಂದು ಬೆಂಚಿನ ಮೇಲೆ ಕೆಮ್ಮುತ್ತ ಕೂತಿದ್ದ ಕಾಕಾ ಎದ್ದರು. "ತಿಂದ ಬ್ಯಾನಿ ನಡುವ ಹಾಕಿದ ಶೇಂಗಾ ಯವ್ವಾ. ಗಾಡಿ ಕರಸು. ನನ್ನಂಗ ಕೂಡಬ್ಯಾಡ!"

ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಕೂಸನ್ನು ತೆಗೆದರು. "ಇನ್ನೊಂದೀಟು ತಡಾ ಆಗಿದ್ರ ಇಬ್ರೂ ಸಿಗ್ತಿದ್ದಿಲ್ಲ" ಎಂದರು ಡಾಕ್ಟರಬಾಯಿ.

ಕಾಕಾನ ಕೆಮ್ಮು ಕ್ಯಾನ್ಸರ್ ಆಗಿತ್ತು. ಇನ್ನೊಮ್ಮೆ ದೊಡ್ಡಾಸ್ಪತ್ರೆಗೆ ಒಯ್ದು ಕರೆಂಟು, ಅಂದರೆ ರೇಡಿಯೇಷನ್, ಕೊಡಿಸೋಣ ಎಂದ ಅವರ ಮಗ. "ನನ್ನ ಎಲಿ ನಾ ನೋಡೇನೋ ತಮ್ಮಾ, ಒಗದೆ" ಎಂದು ಮನೆಗೆ ಬಂದು ಮಲಗಿದರು. ನಾನು ಕೂಸನ್ನು ಒಯ್ದು ಅವರ ಬಾಜು ಮಲಗಿಸಿದೆ. ಅದು ಆ ಅರ್ಧ ಹೆಬ್ಬೆರಳನ್ನು ಗಪ್ಪನೆ ಹಿಡಿಯಿತು. ಆ ಮುಷ್ಟಿಗೆ ಸರಿಯಾದ ಅಳತೆ ಅದು.

"ಬಿಡವಲ್ಲಳಲ್ಲ ಬೇ! ಅಜ್ಜಿ ಮೊಮ್ಮಗಳ ಹೌದು ಇಕಿ!" ಎಂದು ನಕ್ಕರು. ನಗು ಕೆಮ್ಮಾಗಿ, ಕೆಮ್ಮಿನಲ್ಲಿ ರಕ್ತ ಬಂತು. ಆ ವಾರವೇ ಹೋದರು.

ಈಗ ಕೂಸು ನಡೆಯುತ್ತಾಳೆ, ಓಡುತ್ತಾಳೆ, ನನ್ನ ಮೂಗಿನ ನತ್ತು ಜಗ್ಗುತ್ತಾಳೆ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಈ ಪಂಚಮಿಗೆ ಕಾಕಾ ಕೂರುತ್ತಿದ್ದ ಕಟ್ಟೆಗೆ ಹೋಗಿ ಮುಷ್ಟಿ ಶೇಂಗಾ ಸುರಿದು ಕೇಕೆ ಹಾಕಿದಳು. ನಾನು ಬಾಗಿ ಆರಿಸಲು ಹೋದವಳು ಕೈ ಹಿಂದೆ ತೆಗೆದುಕೊಂಡೆ. ಅಲ್ಲಿಯೇ ಇರಲಿ ಎಂದು ಬಿಟ್ಟೆ.