ಕೊನೆಯ ತೂಬಿನ ಸುದ್ದಿ

ಶಿರವಾಳದ ಮಾನಮ್ಮ ಯಾದಗಿರಿಯಲ್ಲಿ ಐಟಿಐ ಮುಗಿಸಿ ಶಹಾಪುರದ ನೀರು ಬಳಕೆದಾರರ ಒಕ್ಕೂಟವೊಂದಕ್ಕೆ ಸೇರಿದಾಗ ಅಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದೂ ವಾರದಲ್ಲಿ ನಾಲ್ಕು ದಿನ ಮಲಗಿರುತ್ತಿತ್ತು. ಪಹಣಿಯ ಪ್ರಿಂಟ್ ಬೇಕೆಂದು ಬಂದವರೆಲ್ಲ ತಮ್ಮ ಪೆನ್‌ಡ್ರೈವ್ ಚುಚ್ಚುತ್ತಿದ್ದರು. ಅದರೊಂದಿಗೆ ಊರೂರಿನ ವೈರಸ್ಸೂ ಒಳಗೆ ಬರುತ್ತಿತ್ತು. ರಿಪೇರಿಯವನು ಕಲಬುರಗಿಯಿಂದ ಬರಬೇಕು.

“ಇದಕ್ಕ ನಿಂಬಿಹಣ್ಣು ಕಟ್ಟಬೇಕ ನೋಡು,” ಎನ್ನುತ್ತಿದ್ದ ಕಾರ್ಯದರ್ಶಿ ಭಾಗಣ್ಣ.

ನಿಂಬೆಹಣ್ಣಿನ ಬದಲು ಒಂದು ಸಿಡಿ ಬಂತು. ತಂದವರು ಸುರಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಬಸವಂತ್ರಾಯ. ಅವರ ಹೊಲವೂ ಇದೇ ಕಾಲುವೆಯ ಕೆಳಗಿತ್ತು.

“ಇದು ಲಿನಕ್ಸ್. ಕಂಪ್ಯೂಟರ್ ನಡಸೋ ಪುಕ್ಕಟ ಸಾಫ್ಟ್‌ವೇರ್, ಆ ವೈರಸ್ಸು ಇದಕ್ಕ ಹತ್ತಂಗಿಲ್ಲ. ಒಳಗ ಏನದ ಅಂತ ತೆಗೆದು ನೋಡಬಹುದು. ಕೆಡಸು, ಮತ್ತ ಕೂಡಸು, ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ ಕಲಿತದ್ದನ್ನ ಮುಚ್ಚಿ ಇಡಬ್ಯಾಡವ್ವ.”

ಮಾನಮ್ಮ ಮೂರು ಸಲ ಕೆಡಿಸಿದಳು, ನಾಲ್ಕು ಸಲ ಕೂಡಿಸಿದಳು. ಒಂದೊಂದು ಆಜ್ಞೆಯನ್ನೂ ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆದು, ಅದನ್ನು ಕೊಟ್ಟ ಮೇಲೆ ಏನಾಯಿತೆಂದು ಪಕ್ಕದಲ್ಲಿ ಗುರುತು ಹಾಕಿದಳು. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸುವ ಮುಂಚೆ ಬರೆಯಬೇಕು ಎಂಬುದು ಅಳುತ್ತ ಕಲಿತ ಪಾಠ. ಕಚೇರಿಯ ಕಡತಗಳ ಒಂದು ಪ್ರತಿ ದಿನವೂ ತಾನಾಗಿ ಸುರಪುರದಲ್ಲಿ ಬಸವಂತ್ರಾಯರ ಕಂಪ್ಯೂಟರಿಗೆ ಹೋಗುವಂತೆ ಮಾಡಿದಳು. ಅಮಾವಾಸ್ಯೆಗೆ ಯಾರೂ ಎತ್ತು ಹೂಡುವುದಿಲ್ಲ, ಕಚೇರಿಗೂ ಬರುವುದಿಲ್ಲ. ಆ ದಿನ ಆ ಪ್ರತಿಯನ್ನು ಮರಳಿ ತರಿಸಿ, ಹಳೆಯ ಯಂತ್ರವೊಂದಕ್ಕೆ ಹಾಕಿ, ಎಲ್ಲವೂ ತೆರೆಯುತ್ತದೆಯೇ ಎಂದು ನೋಡುತ್ತಿದ್ದಳು.

“ಮಾನವ್ವನ ಅಮಾಸಿ ಪೂಜಾ ಸುರುವಾತು,” ಎಂದು ಭಾಗಣ್ಣ ನಗುತ್ತಿದ್ದ.

ಆರು ವರ್ಷಗಳ ಮೇಲೆ, ಯೋಜನೆಯೊಂದರಲ್ಲಿ, ಕಾಲುವೆಯ ಹದಿನಾಲ್ಕು ತೂಬುಗಳಿಗೂ ಅಳತೆಯ ಪೆಟ್ಟಿಗೆ ಬಂದವು. ಬಿಸಿಲಿನಿಂದ ಕರೆಂಟು ತೆಗೆದುಕೊಂಡು, ಕಾಲು ಗಂಟೆಗೊಮ್ಮೆ ನೀರಿನ ಎತ್ತರವನ್ನು ಕಚೇರಿಗೆ ಕಳಿಸುವ ಪೆಟ್ಟಿಗೆಗಳು. ಹಾಕಿದ ಕಂಪನಿ ಗೋಡೆಗೊಂದು ದೊಡ್ಡ ಸ್ಕ್ರೀನೂ ತೂಗುಹಾಕಿತು. ಅದರಲ್ಲಿ ಮೂರೇ ಸಾಲು: ಮೊದಲ ತೂಬು, ನಡುವಿನದು, ಕೊನೆಯದು. ನೀರಿದ್ದರೆ ಹಸಿರು. “ಇದರ ಸಾಫ್ಟ್‌ವೇರ್ ಮುಟ್ಟಬೇಡಿ ಮೇಡಂ, ಅದು ನಮ್ಮದು,” ಎಂದು ಹೇಳಿ ಅವರು ಹೋದರು. ಮಾನಮ್ಮ ಮುಟ್ಟಲಿಲ್ಲ. ಆದರೆ ಪೆಟ್ಟಿಗೆಗಳ ಮಾತು ಸ್ಕ್ರೀನಿಗೆ ಹೋಗುವ ದಾರಿಯಲ್ಲಿ ಅವಳ ಲಿನಕ್ಸ್ ಯಂತ್ರ ಬಾಗಿಲು ಕಾಯುತ್ತಿತ್ತು. ಹಾದುಹೋದ ಪ್ರತಿಯೊಂದು ಮಾತನ್ನೂ ಗಂಟೆ ನಿಮಿಷ ಸಮೇತ ಬರೆದಿಟ್ಟುಕೊಳ್ಳುವಂತೆ ಅದಕ್ಕೆ ಹೇಳಿದ್ದಳು.

ಒಕ್ಕೂಟದ ನಿಯಮ ಹೀಗಿತ್ತು. ಕೊನೆಯ ತೂಬಿನಲ್ಲಿ ಆರು ದಿನ ನಲವತ್ತು ಸೆಂಟಿಮೀಟರ್ ನೀರು ನಿಂತರೆ ಆ ಕಾಲುವೆಯ ಪಾಳಿ ಮುಗಿದಂತೆ. ಮುಖ್ಯ ಗೇಟು ಮುಚ್ಚಿ ನೀರನ್ನು ಬೇರೆ ಕವಲಿಗೆ ತಿರುಗಿಸಬೇಕು. ಆ ಸೆಪ್ಟೆಂಬರಿನಲ್ಲಿ ಸ್ಕ್ರೀನಿನ ಮೂರನೆಯ ಸಾಲು ಒಂಬತ್ತು ದಿನದಿಂದ ಹಸಿರಾಗಿತ್ತು. ಗುರುವಾರದ ಸಭೆಯಲ್ಲಿ ಗೇಟು ಮುಚ್ಚುವುದೆಂದು ಅಧ್ಯಕ್ಷ ಚಂದ್ರಾಮಪ್ಪ ಹೇಳಿದ್ದ. ಮತ್ತೆ ಪಾಳಿ ಬರುವುದು ಇಪ್ಪತ್ತು ದಿನಕ್ಕೆ.

ಮಂಗಳವಾರ ಗೋಗಿಯ ದೇವಕಮ್ಮ ಬಂದಳು. ಕೊನೆಯ ತೂಬಿನ ಕೆಳಗೆ ಎರಡು ಎಕರೆ ಮೆಣಸಿನಕಾಯಿ ಹಚ್ಚಿದವಳು. ಚಪ್ಪಲಿ ಹೊರಗೆ ಬಿಟ್ಟು ನೇರ ಸ್ಕ್ರೀನಿನ ಮುಂದೆ ಹೋಗಿ ನಿಂತಳು.

“ಮಾನವ್ವ, ನಿಮ್ಮ ಟಿವ್ಯಾಗ ನೀರು ತುಂಬಿ ಹರಿಯಾಕತ್ತಾವಂತ. ನನ್ನ ಹೊಲಕ್ಕ ಯಾಕ ಬಂದಿಲ್ಲ? ಈ ಟಿವಿನ ಹೊತ್ತಕೊಂಡು ಹೋಗಿ ಮೆಣಸಿನ ಗಿಡದಾಗ ಇಡ್ಲೇನು?”

“ನೀರು ಬಂದೇ ಇಲ್ಲೇನ ಕಾಕಿ?”

“ಮೊದಲ ದಿನ ಬಂತು. ಆಮ್ಯಾಲ ಹನಿ ಇಲ್ಲ. ಗುರುವಾರ ತಿರುವಿದ್ರ ಗಿಡ ಉಳಿಯಂಗಿಲ್ಲ.”

ಮಾನಮ್ಮ ತನ್ನ ಯಂತ್ರ ಬರೆದಿಟ್ಟದ್ದನ್ನು ತೆರೆದಳು. ಹದಿಮೂರು ಪೆಟ್ಟಿಗೆಗಳು ಕಾಲು ಗಂಟೆಗೊಮ್ಮೆ ಮಾತಾಡಿದ್ದವು. ಹದಿನಾಲ್ಕನೆಯದು ಮೊದಲ ದಿನದ ಸಂಜೆ ‘ಅರವತ್ತೆರಡು’ ಎಂದು ಹೇಳಿ ಮೌನವಾಗಿತ್ತು. ಸ್ಕ್ರೀನು ಆ ಅರವತ್ತೆರಡನ್ನೇ ಒಂಬತ್ತು ದಿನ ಹಸಿರಾಗಿ ಹೊತ್ತುಕೊಂಡು ಕುಳಿತಿತ್ತು. ಮಾನಮ್ಮನ ಮುಖ ಬಿಸಿಯಾಯಿತು. ಎಲ್ಲವನ್ನೂ ಬರೆಸಿಟ್ಟಿದ್ದಳು, ಒಂದು ದಿನವೂ ಓದಿರಲಿಲ್ಲ.

ಗೇಟು ನೋಡಿಕೊಳ್ಳುವ ಖಾಜಾಹುಸೇನನ ಬೈಕಿನ ಮೇಲೆ ಅವಳು ಕಾಲುವೆಯ ತುದಿಗೆ ಹೋದಳು. ತೂಬಿನ ತಳದ ಮಣ್ಣು ಬಿರುಕುಬಿಟ್ಟಿತ್ತು. ಪೆಟ್ಟಿಗೆಯ ಮೇಲಿನ ಸೋಲಾರ್ ಹಲಗೆಗೆ ಅರಿಷಿಣ, ಕುಂಕುಮ. ಅದರ ಮೇಲೆ ಅಂದವಾಗಿ ಹೊದಿಸಿ ದಾರದಿಂದ ಬಿಗಿದ ಹಸಿರು ರವಿಕೆ ಖಣ.

“ಅರೆ ಅಲ್ಲಾ, ಪೆಟಗಿಗೆ ಸೀರಿ ಉಡಿಸ್ಯಾರಲ್ಲೋ!” ಎಂದ ಖಾಜಾಹುಸೇನ.

ದೇವಕಮ್ಮ ಫೋನಿನಲ್ಲಿ ಒಪ್ಪಿಕೊಂಡಳು. “ನಾನೇ ಉಡಿ ತುಂಬೀನವ್ವ. ನೀರು ಬಂದ ದಿನ ಗಂಗವ್ವಗ ಬರಿಗೈಲೆ ಕಳಿಸ್ತಾರೇನು? ಪೆಟಗಿ ಒಬ್ಬಾಕಿನೇ ನಿಂತಿದ್ಲು.”

ಮಾನಮ್ಮನಿಗೆ ನಗು ಬಂತು, ಬೆನ್ನಿಗೇ ಹೆದರಿಕೆಯೂ ಬಂತು. ಬಿಸಿಲು ಕಾಣದೆ ಪೆಟ್ಟಿಗೆ ಸತ್ತಿತ್ತು. ತಪ್ಪು ಕೊನೆಯ ಹೊಲದವರದೇ ಎಂದು ಚಂದ್ರಾಮಪ್ಪ ಎದ್ದು ಹೋದರೆ? ಸತ್ತ ಪೆಟ್ಟಿಗೆ ಸಾಕ್ಷಿ ಹೇಳುವುದಿಲ್ಲ. ಅವಳು ಖಣವನ್ನು ಬಿಚ್ಚಿ, ಮಡಿಸಿ, ಪೆಟ್ಟಿಗೆಯ ಬುಡಕ್ಕೆ ಕಟ್ಟಿದಳು. ಹಲಗೆ ಒರೆಸಿದಳು. ಬರಿದಾದ ಬ್ಯಾಟರಿ ತುಂಬಿ ಪೆಟ್ಟಿಗೆ ಮತ್ತೆ ಮಾತಾಡಲು ಮೂರು ದಿನದ ಬಿಸಿಲು ಬೇಕು. ಕಚೇರಿಗೆ ಮರಳಿ ಹದಿಮೂರನೆಯ ತೂಬಿನ ಮಾತುಗಳನ್ನೆಲ್ಲ ಪ್ರಿಂಟ್ ತೆಗೆದಳು.

ಗುರುವಾರ ಹನ್ನೊಂದಕ್ಕೆ ಸಭೆ ತುಂಬಿತ್ತು. ಚಂದ್ರಾಮಪ್ಪನ ಹೊಲ ಮೂರನೆಯ ತೂಬಿನ ಕೆಳಗಿತ್ತು. ಅವನ ಪೈರು ಮೊಣಕಾಲೆತ್ತರ ಬಂದಿತ್ತು.

“ಸರಕಾರ ಕೊಟ್ಟ ಮಷೀನ ಸುಳ್ಳ ಹೇಳ್ತದೇನವ್ವ?”

“ಮಷೀನ ಸುಳ್ಳ ಹೇಳಿಲ್ರಿ. ಹತ್ತು ದಿನದಿಂದ ಅದು ಮಾತೇ ಆಡಿಲ್ಲ. ಸ್ಕ್ರೀನು ಅದರ ಹಳೀ ಮಾತನ್ನೇ ಒದರಾಕತ್ತದ.”

“ಮಾತು ಯಾಕ ಬಿಟ್ಟಿತು? ಇವರು ಸೀರಿ ಉಡಿಸಿದ್ದಕ್ಕ!” ಎಂದು ಚಂದ್ರಾಮಪ್ಪ ನಕ್ಕ. ಸಭೆಯೂ ನಕ್ಕಿತು. ದೇವಕಮ್ಮ ತಲೆ ತಗ್ಗಿಸಿದಳು.

ಮಾನಮ್ಮ ಪ್ರಿಂಟ್ ತೆಗೆದ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿದಳು. “ಹದಿನಾಲ್ಕನೇದು ಬಿಡ್ರಿ. ಹದಿಮೂರನೇ ತೂಬಿಗೆ ಯಾರೂ ಖಣ ಹಾಕಿಲ್ಲ. ಮೊದಲ ದಿನ ಅರವತ್ತು. ಮರುದಿನ ನಲವತ್ತೊಂದು, ಆಮ್ಯಾಲ ಇಪ್ಪತ್ತೆರಡು. ಐದನೇ ದಿನದಿಂದ ಹತ್ತು ದಾಟಿಲ್ಲ. ಹದಿಮೂರರಾಗ ಇಲ್ಲದ ನೀರು ಹದಿನಾಲ್ಕಕ್ಕ ಎಲ್ಲಿಂದ ಹೋಗಬೇಕ್ರಿ?”

ನಗು ನಿಂತಿತು. ಚಂದ್ರಾಮಪ್ಪ ಹಾಳೆಯನ್ನು ಬೆರಳಿನಿಂದ ತಳ್ಳಿದ. “ನಿನ್ನ ಮಷೀನ, ನಿನ್ನ ಪ್ರಿಂಟ್. ನಿನ್ನೆ ಕುಂತು ನೀನೇ ಬರದೀದಿ ಅಂದ್ರ?”

ಮಾನಮ್ಮ ಸಿಟ್ಟಾಗಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. “ಕೇಳಿದ್ದು ಚಲೋ ಆತ್ರಿ. ಇದರ ಪ್ರತಿ ಆಯಾ ದಿನದ್ದು ಆಯಾ ದಿನಾನೇ ಸುರಪುರಕ್ಕ ಹೋಗಿ ಕುಂತದ. ಅಲ್ಲಿಗೆ ಹೋದದ್ದನ್ನ ಇಲ್ಲಿಂದ ತಿದ್ದಾಕ ನನ್ನ ಕೈಯಾಗ ಆಗಂಗಿಲ್ಲ. ನೀವೇ ಒಂದು ದಿನ, ಒಂದು ತಾಸು ಹೇಳ್ರಿ.”

ಬಸವಂತ್ರಾಯರಿಗೆ ಫೋನ್ ಹಚ್ಚಿ ಮೇಜಿನ ನಡುವೆ ಇಟ್ಟಳು. ಚಂದ್ರಾಮಪ್ಪ ಮೀಸೆ ಸವರಿದ. “ಹೋದ ರವಿವಾರ. ಮುಂಜಾನಿ ಆರು ತಾಸು.”

ಫೋನಿನ ಆ ಬದಿಯಲ್ಲಿ ಕೀಲಿಗಳ ಸದ್ದು ಕೇಳಿತು.

“ಹದಿಮೂರನೇ ತೂಬು, ಒಂಬತ್ತು,” ಎಂದರು ಬಸವಂತ್ರಾಯ.

ಭಾಗಣ್ಣ ಹಾಳೆಯ ಮೇಲೆ ಬಾಗಿ ಬೆರಳು ಓಡಿಸಿದ. “ಒಂಬತ್ತು!” ಎಂದು ಕೂಗಿದ.

“ಸೋಮವಾರ ಮಧ್ಯಾಹ್ನ ಎರಡು,” ಎಂದ ಚಂದ್ರಾಮಪ್ಪ. ಏಳು. ಹಾಳೆಯಲ್ಲೂ ಏಳು. ಈಗ ಸಭೆಯೇ ಕೇಳತೊಡಗಿತು: ಶುಕ್ರವಾರ, ಶನಿವಾರ, ಮಂಗಳವಾರ. ಪ್ರತಿ ಸಲ ಸುರಪುರ ಹೇಳಿದ್ದನ್ನೇ ಶಹಾಪುರದ ಹಾಳೆಯೂ ಹೇಳಿತು. ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ತಟ್ಟಿದರು.

“ಸಾಕು ನಿಲ್ಲಸ್ರೋ,” ಎಂದ ಚಂದ್ರಾಮಪ್ಪ. ಹಾಳೆಗಳನ್ನು ಒಟ್ಟುಮಾಡಿ ಬದಿಗಿಟ್ಟು ಖಾಜಾಹುಸೇನನ ಕಡೆ ತಿರುಗಿದ. “ಮ್ಯಾಲಿನ ಆರು ತೂಬು ಇವತ್ತೇ ಮುಚ್ಚು. ನನ್ನದೂ ಸೇರಿ. ಪಾಳಿ ಆರು ದಿನ ಮುಂದಕ್ಕ.”

ಮಧ್ಯಾಹ್ನವೇ ಮಾನಮ್ಮ ಕಂಪನಿಯ ಸ್ಕ್ರೀನಿನ ತಂತಿ ತೆಗೆದು, ಎಲ್ಲರಿಗೂ ಮುಕ್ತವಾಗಿ ಸಿಗುವ ಒಂದು ನಿಗಾ ಸಾಫ್ಟ್‌ವೇರನ್ನು ಗೋಡೆಗೆ ತಂದಳು. ಒಳಗೆ ತೆರೆದು ಎರಡು ಕಡೆ ತಿದ್ದಿದಳು. ಒಂದು: ತೂಬುಗಳ ಪಟ್ಟಿ ಕೊನೆಯದರಿಂದ ಆರಂಭವಾಗಬೇಕು. ಇನ್ನೊಂದು: ಒಂದು ಗಂಟೆ ಮಾತಾಡದ ಪೆಟ್ಟಿಗೆಯ ಮುಂದೆ ಅಂಕಿ ಇರಬಾರದು, ‘ಸುದ್ದಿ ಇಲ್ಲ’ ಎಂದಿರಬೇಕು. ತಿದ್ದಿದ್ದನ್ನು ಆ ಸಾಫ್ಟ್‌ವೇರ್ ಬರೆದವರಿಗೇ ಮರಳಿ ಕಳಿಸಿದಳು. ಮುಂದೆ ಅವರು ಅದನ್ನು ಸೇರಿಸಿಕೊಂಡರು. ಹತ್ತಿಕುಣಿಯ ಕೆರೆಯ ಸಂಘದವರು ಬಂದು ಕೇಳಿದಾಗ ನೋಟ್‌ಬುಕ್ಕಿನ ಜೆರಾಕ್ಸ್ ಸಮೇತ ಕೊಟ್ಟಳು.

ಆದರೆ ಅದೆಲ್ಲ ಆಮೇಲಿನದು. ಶನಿವಾರ ಬೆಳಿಗ್ಗೆ ಅವಳು ಸ್ಕ್ರೀನಿನ ಮುಂದೆ ಟೀ ಲೋಟ ಹಿಡಿದು ಕೂತಿದ್ದಳು. ಹದಿನಾಲ್ಕನೆಯ ತೂಬು: ಹನ್ನೊಂದು. ಕಾಲು ಗಂಟೆ ಬಿಟ್ಟು ಇಪ್ಪತ್ತೇಳು. ಮತ್ತೆ ನಲವತ್ನಾಲ್ಕು. ಟೀ ಆರಿ ತಣ್ಣಗಾಯಿತು. ಫೋನ್ ಬಡಿಯಿತು.

“ಮಾನವ್ವಾ, ನೀರು ಬಂದಾವ! ಸಾಲಿನಾಗ ಹೊಕ್ಕಾವ!” ದೇವಕಮ್ಮ ಓಡುತ್ತ ಮಾತಾಡುತ್ತಿದ್ದಳು.

“ನನಗ ನಿನಗಿಂತ ಮೊದಲ ಗೊತ್ತಾತು ಕಾಕಿ.”

“ಗೊತ್ತಾದ್ರ ಏನಾತು? ಕಾಲು ತೊಯ್ದದ್ದು ನಂದು!”

ಮಾನಮ್ಮ ಜೋರಾಗಿ ನಕ್ಕಳು. ಅಂಕಿ ಐವತ್ತೆಂಟಕ್ಕೆ ಏರಿತು.