ಐವತ್ತು ಕೊಟ್ಟರೆ ಮೂವತ್ತೇ ಯಾಕೆ

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಸ್ಕೇಲಕ್ಕ ಎನ್ನುತ್ತಿದ್ದರು. ಪುಟ ಜೋಡಿಸುತ್ತಲೇ ತಲೆಗೂದಲು ನರೆಸಿಕೊಂಡವಳು. ಸ್ಟೀಲ್ ಸ್ಕೇಲ್ ಕೈಯಲ್ಲಿಲ್ಲದೆ ಟೀ ಕುಡಿಯಲಿಕ್ಕೂ ಏಳುತ್ತಿರಲಿಲ್ಲ. ಪತ್ರಿಕೆ ಅಚ್ಚು ನಿಲ್ಲಿಸಿ ವೆಬ್‌ಸೈಟಾದಾಗ ಯಜಮಾನರು ಕರೆದು ಹೇಳಿದರು: "ಶನಿವಾರ ಸಂಜೆಯೊಳಗೆ ಒಂದು ಪುಟ ಸರಿಯಾಗಿ ಮಾಡಿ ತೋರ್ಸಮ್ಮ. ಆಗಲಿಲ್ಲ ಅಂದ್ರೆ ಬೈಂಡಿಂಗ್‌ಗೆ ಹೋಗಿ ಪುಸ್ತಕಗಳಿಗೆ ಅಂಟು ಹಚ್ಕೊಂಡು ಆರಾಮಾಗಿರು."

ಆರಾಮವಂತೆ! ಆ ಕಿಟಕಿಯಿಲ್ಲದ ಕೋಣೆಯಲ್ಲಿ ಅವರೇ ಒಂದು ಗಂಟೆ ಕೂತು ನೋಡಲಿ.

ಕಲಿಸಲು ಬಂದವಳು ಯಜಮಾನರ ಸೊಸೆ. ಸ್ಕೇಲಕ್ಕ ಶೀರ್ಷಿಕೆಯ ಕೆಳಗೆ ಇಪ್ಪತ್ತು, ಪ್ಯಾರಾದ ಮೇಲೆ ಮೂವತ್ತು ಮಾರ್ಜಿನ್, ಅಂದರೆ ಖಾಲಿ ಜಾಗ, ಕೊಟ್ಟು, ಕಂಪ್ಯೂಟರ್ ಪರದೆಗೆ ಸ್ಕೇಲ್ ಹಿಡಿದೇಬಿಟ್ಟಳು.

"ಅಯ್ಯೋ ಅಕ್ಕಾ, ಪರದೆಗೆ ಯಾರಾದ್ರೂ ಸ್ಕೇಲ್ ಹಿಡೀತಾರಾ!"

"ಎರಡೂ ಸೇರಿ ಐವತ್ತು ಕೊಟ್ಟಿದೀನಿ. ಇಲ್ಲಿ ಮೂವತ್ತೇ ಇದೆ. ಉಳಿದಿದ್ದನ್ನ ಯಾರು ತಿಂದ್ರು?"

"ಮೇಲೆ-ಕೆಳಗಿನ ಮಾರ್ಜಿನ್ ಕೂಡಲ್ಲ ಅಕ್ಕಾ. ದೊಡ್ಡದು ಮಾತ್ರ ಉಳಿಯುತ್ತೆ. ಅಕ್ಕಪಕ್ಕದ್ದಾದ್ರೆ ಕೂಡುತ್ತೆ."

"ಇದ್ಯಾವ ನ್ಯಾಯ? ಅಡ್ಡಕ್ಕೊಂದು ಲೆಕ್ಕ, ಉದ್ದಕ್ಕೊಂದು ಲೆಕ್ಕ?"

"ನಿಯಮ ಅಷ್ಟೇ, ಬಾಯಿಪಾಠ ಮಾಡ್ಕೊಳ್ಳಿ. ಇಲ್ಲಾಂದ್ರೆ ನಡುವೆ ಎರಡು ಖಾಲಿ ಸಾಲು ತುರುಕಿ. ಮಾವನಿಗೆ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ ತಾಯಿ!"

ಸೊಸೆ ಹಣೆ ಚಚ್ಚಿಕೊಂಡು ಹೋದಳು. ವಯಸ್ಸಾದ ಹೆಂಗಸು 'ಯಾಕೆ' ಅಂದರೆ ಸಾಕು, ನಮ್ಮ ಕಚೇರಿಗಳಲ್ಲಿ ಅದಕ್ಕೆ ಹಟ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತಾರೆ. ಹಟವೇ ಸರಿ, ಏನೀಗ?

ಅಚ್ಚಿನ ಪುಟದಲ್ಲಿ ಕೊಟ್ಟ ಜಾಗ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಸ್ಕೇಲಕ್ಕ ಪರದೆಯ ಮೇಲೆ ಎರಡು ಚೌಕ ಡಬ್ಬಿ ಬರೆದು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಬಳಿದು, ಅದೇ ಇಪ್ಪತ್ತು, ಮೂವತ್ತರ ಮಾರ್ಜಿನ್ ಕೊಟ್ಟಳು. ಅಕ್ಕಪಕ್ಕ ನಿಲ್ಲಿಸಿ ನಡುವಿನ ಜಾಗ ಅಳೆದಳು: ಐವತ್ತು. ಒಂದರ ಕೆಳಗೊಂದು ಇಟ್ಟಳು: ಮೂವತ್ತು. ಅಂಕಿ ಬದಲಿಸಿ ಮತ್ತೆ ಅಳೆದಳು. ಪ್ರತಿ ಸಲವೂ ಸೊಸೆಯ ಮಾತೇ ಗೆದ್ದಿತು. ಗೆಲ್ಲಲಿ, ಈಗ ಅದು ಬಾಯಿಪಾಠವಲ್ಲ, ಕಣ್ಣಾರೆ ಕಂಡದ್ದು. ಶೀರ್ಷಿಕೆಯ ಕೆಳಗೇ ಪೂರ್ತಿ ಐವತ್ತು ಕೊಟ್ಟು, ಪ್ಯಾರಾದ ಮೇಲೆ ಸೊನ್ನೆ ಹಾಕಿದಳು. ಜಾಗ ಕೂತಿತು.

ಶನಿವಾರ ಯಜಮಾನರು ಸೊಸೆಯ ಜೊತೆ ಬಂದು ಬಗ್ಗಿ ನೋಡಿದರು. "ಪರವಾಗಿಲ್ವೇ! ಆದ್ರೂ ಈ ವಯಸ್ಸಲ್ಲಿ ನಿನಗ್ಯಾಕಮ್ಮ ಈ ತಲೆನೋವು? ಬೈಂಡಿಂಗ್‌ನಲ್ಲಿ..."

"ತಲೆ ನನ್ನದು ಸಾರ್, ನೋವೂ ನನ್ನದೇ. ಪುಟ ಸರಿ ಇದೆಯೋ ಇಲ್ವೋ, ಅದನ್ನ ಹೇಳಿ."

ಅವಳು ಕುರ್ಚಿಯಿಂದ ಏಳಲಿಲ್ಲ. ಯಜಮಾನರು ಸೊಸೆಯ ಮುಖ ನೋಡಿದರು. ಅವಳು ನಗು ತಡೆಯುತ್ತಿದ್ದಳು.

"ಸರಿ ಇದೆ," ಎಂದರು.

"ಹಾಗಾದ್ರೆ ಮುಂದಿನ ಪುಟ ಕಳಿಸಿ. ಬೈಂಡಿಂಗ್‌ಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."