ಅವ್ವನ ಹೆಸರು ತಪ್ಪೆಂದ ಕಂಪನಿ

೨೦೦೮ರ ಪಿತೃಪಕ್ಷ. ಆ ದಿನ ಬೆಳಿಗ್ಗೆ ನಳದ ನೀರು ತುಂಬಿದೆ. ಮಡಿಪಂಚೆ ಒಣಹಾಕಿದೆ. ಎಳ್ಳು ಆರಿಸಿ ಡಬ್ಬಿಗೆ ಹಾಕಿದೆ. ದಂಡೋತಿಯಲ್ಲಿ ಶ್ರಾದ್ಧ ಮಾಡಿಸಲು ಹೊರಟ ನಮ್ಮ ಮನೆಯವರ ಚೀಲಕ್ಕೆ ದರ್ಭೆಯ ಕಟ್ಟು ಇಟ್ಟೆ. ಶಹಾಬಾದದಿಂದ ಸೇಡಂಗೆ ನಮ್ಮಲ್ಲಿ ಇರಲು ಬಂದಿದ್ದ ಅವ್ವನಿಗೆ ಎರಡನೇ ಸಲ ಚಹಾ ಕೊಟ್ಟೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತೆ.

ನಮ್ಮವರು ಪೌರೋಹಿತ್ಯ ಮಾಡುವ ಮನೆಗಳ ತಿಥಿ, ಗೋತ್ರ, ಮೂರು ತಲೆಮಾರಿನ ಹೆಸರುಗಳಿದ್ದ ಹಳೆಯ ವಹಿಗೆ ಗೆದ್ದಲು ಹಿಡಿದಿತ್ತು. ಎರಡು ವರ್ಷ ಕೂತು ಅಷ್ಟನ್ನೂ ಟೈಪ್ ಮಾಡಿದವಳು ನಾನು; ಆಮೇಲೆ ಆ ಹಾಳೆಗಳು ಪುಡಿಯಾದವು. "ಇಂಟರ್‌ನೆಟ್‌ನಾಗ ಒಂದು ನಕಲು ಇಟ್ಟುಬಿಡ್ರಿ ಅಕ್ಕೋರೆ, ಮನಿಗೆ ಬೆಂಕಿ ಬಿದ್ರೂ ಚಿಂತಿಲ್ಲ" ಎಂದು ಕಂಪ್ಯೂಟರ್ ಅಂಗಡಿಯಾತ ಒಂದು ಕಂಪನಿಯ ಬ್ಯಾಕಪ್ ಸೇವೆಗೆ ಸೇರಿಸಿದ್ದ. ಹಿಂದಿನ ವಾರ ಹಾರ್ಡ್ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದ್ದೆವು. ಆದರೆ ನಾನು ಪಾಸ್‌ವರ್ಡ್ ಬರೆದಿಟ್ಟದ್ದೂ ಆ ಕೆಟ್ಟ ಡಿಸ್ಕಿನಲ್ಲೇ!

ಅಷ್ಟರಲ್ಲಿ ವಾಡಿಯ ಒಂದು ಮನೆಯ ಸೊಸೆಯಿಂದ ಫೋನು. "ನಮ್ಮತ್ತಿ ತಿಥಿ ನಾಳೇನೋ ನಾಡದೋ, ಹೇಳ್ರೀ ವೈನಿ."

"ಸಂಜಿಗೆ ಹೇಳ್ತೀನ್ರಿ" ಎಂದೆ. ದಿನ ತಪ್ಪಿದರೆ ಆ ಮುದುಕಿಯ ವರ್ಷದ ಪಿಂಡವೇ ತಪ್ಪಿದಂತೆ.

ಕಂಪನಿಗೆ ಫೋನ್ ಹಚ್ಚಿದೆ. ಅರ್ಧ ತಾಸು ಬರೀ ಸಂಗೀತ. ಕೊನೆಗೆ ಬೆಂಗಳೂರು ಕಡೆಯ ಮಾತಿನವನೊಬ್ಬ ಸಿಕ್ಕ. "ಮೇಡಂ, ಅಕೌಂಟ್ ನಿಮ್ಮದೇ ಅಂತ ಖಚಿತ ಮಾಡ್ಕೋಬೇಕು. ನಿಮ್ಮ ತಾಯಿಯ ಮದುವೆಗೆ ಮುಂಚಿನ ಹೆಸರು?"

ನಮ್ಮಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ಅವ್ವ ತವರಿನಲ್ಲಿ ತುಂಗಾ, ಗಂಡನ ಮನೆಯಲ್ಲಿ ಇಂದಿರಾಬಾಯಿ. "ತುಂಗಾ" ಎಂದೆ.

"ತಪ್ಪು ಮೇಡಂ."

"ತಪ್ಪು ಹ್ಯಾಂಗಾಗ್ತದ್ರಿ? ನಮ್ಮವ್ವನ ಹೆಸರು ನನಗ ಗೊತ್ತಿಲ್ಲೇನು?"

ಅವ್ವ ರಿಸೀವರ್ ಕಸಿದುಕೊಂಡಳು. "ಏ ತಮ್ಮಾ, ನಾನೇ ತುಂಗಾ ಮಾತಾಡ್ಲಿಕತ್ತೀನಿ. ತೊಟ್ಲಾಗ ಇಟ್ಟ ಹೆಸರದು. ನೀ ಬಂದಿದ್ದೇನು ಆವತ್ತು?"

"ಅಜ್ಜಿ, ಸಿಸ್ಟಮ್‌ನಲ್ಲಿ ಬೇರೆ ಇದೆ. ಇನ್ನೊಂದು ಸಲ ತಪ್ಪಾದ್ರೆ ಹದಿನೈದು ದಿನ ಲಾಕ್ ಆಗುತ್ತೆ."

ಅಷ್ಟರೊಳಗೆ ಪಕ್ಷವೇ ಮುಗಿದಿರುತ್ತದೆ! ಮೈಯೆಲ್ಲ ಉರಿಯಿತು. ಟೈಪ್ ಮಾಡಿದವಳು ನಾನು, ಹೆತ್ತವಳು ಪಕ್ಕದಲ್ಲೇ ಕೂತಿದ್ದಾಳೆ. ಆದರೂ ಇಬ್ಬರೂ ಸುಳ್ಳಿಯರು! ಫೋನ್ ಕುಕ್ಕಿದೆ.

ನಾಲ್ಕು ಗಂಟೆಗೆ ನಮ್ಮವರು ಬಂದರು. ನಡೆದದ್ದೆಲ್ಲ ಹೇಳಿದೆ. ಕಾಲು ತೊಳೆಯುತ್ತಲೇ ಅಂದರು: "ಅದು ನಾ ಹೇಳಿದ್ದು. ಆವತ್ತು ನೀ ಚಿತ್ತಾಪುರಕ್ಕ ಹೋಗಿದ್ದಿ. ಅಕ್ಕೋರ ತಾಯಿ ಹೆಸರೇನ್ರಿ ಅಂದ ಅಂಗಡಿಯಾಂವ, ಇಂದಿರಾಬಾಯಿ ಅಂದೆ. ಹಳೇ ಹೆಸರು ನನಗೇನು ಗೊತ್ತು? ನಮ್ಮ ಮದಿವ್ಯಾಗಿ ಮೂವತ್ತು ವರ್ಷಾತು, ಯಾರೂ ಹೇಳಿಲ್ಲ."

ಎಷ್ಟೋ ಮದುವೆಗಳಲ್ಲಿ ಅಕ್ಕಿಯ ತಟ್ಟೆಯಲ್ಲಿ ಹೊಸ ಹೆಸರು ಬರೆಸಿದವರು ಇವರೇ!

ಒಳಗಿನಿಂದ ಅವ್ವನ ದನಿ ಬಂತು. "ಯಾರೂ ಕೇಳಿಲ್ಲಲ್ರಿ."

ಮತ್ತೆ ಫೋನ್ ಹಚ್ಚಿ, ಹಲ್ಲು ಕಚ್ಚಿ, "ಇಂದಿರಾಬಾಯಿ" ಎಂದೆ.

"ಕರೆಕ್ಟ್ ಮೇಡಂ, ಥ್ಯಾಂಕ್ಯೂ."

ದಿಟ ಹೇಳಿದಾಗ ಮುಚ್ಚಿದ್ದ ಬಾಗಿಲು ಸುಳ್ಳಿಗೆ ತೆರೆಯಿತು. ದೀಪ ಹಚ್ಚುವ ಹೊತ್ತಿಗೆ ವಹಿ ಮರಳಿ ಬಂತು. ವಾಡಿಗೆ ಫೋನ್ ಮಾಡಿ, "ತಿಥಿ ನಾಡದು ಅದರಿ" ಎಂದೆ. ವಹಿಯಲ್ಲಿ ಆ ಅತ್ತೆಗಿದ್ದದ್ದೂ ಗಂಡನ ಮನೆಯ ಹೆಸರೇ. "ಅವರ ತವರಿನ ಹೆಸರೇನಿತ್ತರಿ?" ಎಂದು ಕೇಳಿದೆ. ಆಕೆ ಗಂಡನನ್ನು ಕೇಳಿದಳು, ಮೈದುನನನ್ನು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

ಆ ಕಂಪನಿಯ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೆ ತಪ್ಪೆಲ್ಲ ಅವರದೇ ಎನ್ನಲು ಬಾಯಿ ಬರುವುದಿಲ್ಲ.

ರಾತ್ರಿ ಜೋಳದ ರೊಟ್ಟಿ, ಹೆಸರುಬೇಳೆ ಪಲ್ಯ, ಮೊಸರು. "ನಾಳೆ ಮತ್ತ ಫೋನ್ ಹಚ್ಚು. ತುಂಗಾ ಅಂತ ತಿದ್ದಿಕೋ ಅನ್ನು ಅವಗ" ಎಂದಳು ಅವ್ವ. ನಮ್ಮವರು ಉಂಡು ಎಲ್ಲರಿಗಿಂತ ಮೊದಲು ಮಲಗಿಬಿಟ್ಟರು.